ಒಂದು ಕೆಮ್ಮು ಸರಿ, ಎರಡು ಕೆಮ್ಮು ತಪ್ಪು

ಅಮೆರಿಕದ ಇತಿಹಾಸದಲ್ಲಿ ಯಾವುದು ನಡೆದಿತ್ತು, ಯಾವುದು ನಡೆದಿರಲಿಲ್ಲ ಎಂದು ತೀರ್ಮಾನ ಮಾಡುತ್ತಿದ್ದವರು ನಾವು ಮೂವರು: ನಾನು, ಮುದಸ್ಸಿರ್, ಮೋನಿಷಾ. ಆಫೀಸು ಸಿ.ವಿ. ರಾಮನ್ ನಗರದಲ್ಲಿ, ಒಂದು ಹಲ್ಲಿನ ಕ್ಲಿನಿಕ್ಕಿನ ಮೇಲಿನ ಮಹಡಿ. ಅಮೆರಿಕದ ಶಾಲೆಯ ಮಕ್ಕಳು ಕೇಳುವ ಪ್ರಶ್ನೆಗಳಿಗೆ ಒಂದು ಯಂತ್ರ ಉತ್ತರ ಬರೆಯುತ್ತದೆ. ಅದನ್ನು ಓದಿ ನಾವು 'ಸರಿ' ಅಥವಾ 'ತಪ್ಪು' ಒತ್ತಬೇಕು. ನಾವು ಒತ್ತಿದ್ದನ್ನು ನೋಡಿ ಯಂತ್ರ ಕಲಿಯುತ್ತದೆ.

ಮುದಸ್ಸಿರ್ ಬಿ.ಕಾಂ. ಅವರಪ್ಪನದು ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ಲೈನಿಂಗ್ ಬಟ್ಟೆಯ ಅಂಗಡಿ. ಮೋನಿಷಾ ಹಲಸೂರಿನವಳು, ಮನೆಮಾತು ತಮಿಳು, ಓದಿದ್ದು ಹೋಟೆಲ್ ಮ್ಯಾನೇಜ್‌ಮೆಂಟ್. ನಾನು ಮಾತ್ರ ಇತಿಹಾಸದ ಬಿ.ಎ. ಆದರೆ ಸಂದರ್ಶನದಲ್ಲಿ ಇತಿಹಾಸದ ಬಗ್ಗೆ ಯಾರೂ ಕೇಳಲಿಲ್ಲ. ಒಂಬತ್ತು ಗಂಟೆ ಕೂತಲ್ಲೇ ಕೂರೋಕಾಗುತ್ತಾ ಎಂದು ಕೇಳಿದರು. ಆಗುತ್ತೆ ಎಂದೆ.

ನಿಯಮ ಸುಲಭ. ಒಂದೇ ಪ್ರಶ್ನೆ ಒಂದೇ ಹೊತ್ತಿಗೆ ಮೂವರ ಪರದೆಗೂ ಬರುತ್ತದೆ. ತೊಂಬತ್ತು ಸೆಕೆಂಡು. ಇಬ್ಬರು ಏನು ಒತ್ತುತ್ತಾರೋ ಅದೇ ಸತ್ಯ. ಮೂರನೆಯವರ ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ 'ಮಿಸ್‌ಮ್ಯಾಚ್' ಎಂದು ಬರುತ್ತದೆ. ಪ್ರೊಬೇಷನ್‌ನಲ್ಲಿ ಐದು ಮಿಸ್‌ಮ್ಯಾಚ್ ಆದರೆ ಲಾಗಿನ್ ತಾನಾಗಿ ಮುಚ್ಚಿಹೋಗುತ್ತದೆ. ಯಾರೂ ಕರೆದು ಬೈಯುವುದಿಲ್ಲ. ಮರುದಿನ ಪಾಸ್‌ವರ್ಡ್ ಕೆಲಸ ಮಾಡುವುದಿಲ್ಲ, ಅಷ್ಟೆ.

ಮೊದಲ ತಿಂಗಳಲ್ಲೇ ನನಗೆ ನಾಲ್ಕು ಮಿಸ್‌ಮ್ಯಾಚ್ ಬಿದ್ದವು. ನಾಲ್ಕಕ್ಕೂ ನನ್ನ ಉತ್ತರ ಸರಿಯಿತ್ತು.

ಅದಕ್ಕೆ ಕಾರಣ ಡಿಗ್ರಿಯಲ್ಲಿದ್ದಾಗಿನ ಸರ್ಕಾರಿ ಹಾಸ್ಟೆಲ್ಲು. ಅಲ್ಲಿನ ಲೈಬ್ರರಿ ಎಂದರೆ ಒಂದು ಬೀರು. ಅರ್ಧ ತುಂಬ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳು, ಅವುಗಳಿಗೆ ಪಾಳಿ. ಕೆಳಗಿನ ಖಾನೆಯಲ್ಲಿ ಯಾರೋ ದಾನ ಕೊಟ್ಟ ಅಮೆರಿಕದ ಇತಿಹಾಸದ ಎರಡು ದಪ್ಪ ಪುಸ್ತಕಗಳು. ಅವುಗಳಿಗೆ ಪಾಳಿ ಇರಲಿಲ್ಲ. ಮೂರು ವರ್ಷದಲ್ಲಿ ಎರಡೆರಡು ಸಲ ಓದಿದೆ. ಅಮೆರಿಕದ ಮೇಲಿನ ಪ್ರೀತಿಯಿಂದಲ್ಲ, ಬೇರೆ ಪುಸ್ತಕ ಸಿಗುತ್ತಿರಲಿಲ್ಲ.

ಕೊಲಂಬಸ್ ಭೂಮಿ ದುಂಡಗಿದೆಯೆಂದು ಸಾಬೀತು ಮಾಡಲು ಹೊರಟ ಎಂದಿತು ಯಂತ್ರ. ತಪ್ಪು ಎಂದು ಒತ್ತಿದೆ. ಓದಿದವರಿಗೆ ಅದು ಅವನಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಮೊದಲೇ ಗೊತ್ತಿತ್ತು. ಉಳಿದ ಇಬ್ಬರೂ ಸರಿ ಒತ್ತಿದರು. ಅಮೆರಿಕದ ಸೇಲಂ ಎಂಬ ಊರಿನಲ್ಲಿ ಮಾಟಗಾತಿಯರೆಂದು ಹೆಂಗಸರನ್ನು ಸುಟ್ಟರು ಎಂದಿತು. ತಪ್ಪು ಎಂದು ಒತ್ತಿದೆ. ಅಲ್ಲಿ ನೇಣು ಹಾಕಿದ್ದು, ಯಾರನ್ನೂ ಸುಟ್ಟಿರಲಿಲ್ಲ. ಮತ್ತೆ ಮಿಸ್‌ಮ್ಯಾಚ್.

"ಸೇಲಂ ನಮ್ಮ ಚಿತ್ತಿ ಊರು. ಅಲ್ಲಿ ಹಂಗೆಲ್ಲ ಏನೂ ನಡೆದಿಲ್ಲ," ಅಂದಳು ಮೋನಿಷಾ.

"ಮತ್ಯಾಕೆ ಸರಿ ಒತ್ತಿದೆ?"

"ಮುದಸ್ಸಿರ್ ಒತ್ತಿದ್ನಲ್ಲ, ಇಣುಕಿ ನೋಡ್ದೆ."

"ಅದು ಚಳಿ ದೇಶ ಗುರು," ಅಂದ ಮುದಸ್ಸಿರ್. "ಸುಟ್ಟೇ ಇರ್ತಾರೆ."

ಮೂರನೆಯದು ಸ್ವಾತಂತ್ರ್ಯ ಘೋಷಣೆಗೆ ಎಲ್ಲರೂ ಜುಲೈ ನಾಲ್ಕರಂದೇ ಸಹಿ ಹಾಕಿದರು ಎಂಬುದು. ಬಹಳಷ್ಟು ಜನ ಹಾಕಿದ್ದು ಆಗಸ್ಟ್ ಎರಡಕ್ಕೆ. "ಆಗಸ್ಟಲ್ಲಿ ಸಹಿ ಹಾಕಿದ್ರೆ ಜುಲೈಲಿ ಯಾಕೆ ಪಟಾಕಿ ಹೊಡೀತಾರೆ, ಹೇಳು?" ಎಂದು ಮುದಸ್ಸಿರ್ ಕೇಳಿದ. ನಾಲ್ಕನೆಯದು ಅಧ್ಯಕ್ಷ ವಾಷಿಂಗ್ಟನ್ ಮರದ ಹಲ್ಲಿನ ಸೆಟ್ಟು ಹಾಕಿಕೊಳ್ಳುತ್ತಿದ್ದ ಎಂಬುದು. ಅದಕ್ಕಂತೂ ನಾನು ಟೀ ಹೊತ್ತಿನಲ್ಲಿ ಅವರಿಬ್ಬರನ್ನೂ ಕೆಳಗಿನ ಕ್ಲಿನಿಕ್ಕಿಗೆ ಎಳೆದುಕೊಂಡು ಹೋದೆ. ಅಲ್ಲಿ ಹಲ್ಲಿನ ಸೆಟ್ಟು ಮಾಡುವ ಅಜ್ಮತ್ ಸಾಬರು ಇಪ್ಪತ್ತು ವರ್ಷದಿಂದ ಅದೇ ಕೆಲಸದಲ್ಲಿದ್ದಾರೆ.

"ಮರದ ಹಲ್ಲಾ?" ಎಂದು ಅವರು ಕನ್ನಡಕದ ಮೇಲಿಂದ ನೋಡಿದರು. "ಬಾಯಲ್ಲಿ ನೀರಿರ್ತದಮ್ಮ. ಮರ ನೆನೆದು ಊದ್ಕೊಂಡು ನಾಕು ದಿನಕ್ಕೆ ಕೊಳೀತದೆ. ಯಾರು ಹೇಳಿದ್ದು ನಿಮಗೆ?"

"ಕಂಪ್ಯೂಟರ್," ಅಂದಳು ಮೋನಿಷಾ.

"ಹಂಗಾದ್ರೆ ಕಂಪ್ಯೂಟರ್‌ಗೆ ಹಲ್ಲಿಲ್ಲ."

ವಾಷಿಂಗ್ಟನ್ನನ ಹಲ್ಲು ನೀರಾನೆಯ ದಂತದ್ದು, ಲೋಹದ್ದು, ಮನುಷ್ಯರದ್ದು. ತನ್ನ ಗುಲಾಮರಿಂದ ಹಲ್ಲು ಕೊಂಡದ್ದಕ್ಕೂ ಲೆಕ್ಕದ ಪುಸ್ತಕದಲ್ಲಿ ಬರವಣಿಗೆ ಇದೆ ಎಂದು ನಾನು ಹೇಳಿದೆ. ಮುದಸ್ಸಿರ್ ಮುಖ ಕಿವುಚಿದ. "ಟೀ ಕುಡಿಯೋವಾಗ ಬೇಡ ಮಗಾ. ಮರದ್ದೇ ಇರ್ಲಿ."

ನಾಲ್ಕಕ್ಕೆ ನಿಂತೆ. ಐದನೆಯದಾದರೆ ಏನಾಗುತ್ತದೆಂದು ಚೆನ್ನಾಗಿ ಗೊತ್ತಿತ್ತು. ಹಲಸೂರಿನ ಉದ್ಯೋಗಸ್ಥ ಮಹಿಳೆಯರ ಹಾಸ್ಟೆಲ್ಲಿನಲ್ಲಿ ನನಗೆ ಒಂದು ಮಂಚ ಸಿಕ್ಕಿದೆ. ಪ್ರೊಬೇಷನ್ ಮುಗಿದ ಮೇಲೆ ಕಂಪನಿಯ ಖಾಯಂ ಪತ್ರ ತಂದು ಕೊಟ್ಟರೆ ಮಂಚ ಉಳಿಯುತ್ತದೆ. ಇಲ್ಲದಿದ್ದರೆ ಕೆ.ಆರ್. ಪುರ ದಾಟಿ ಎಂಟು ಕಿಲೋಮೀಟರು ಆಚೆಗಿನ ನಮ್ಮ ಕಾಲನಿ. ಒಂದೂವರೆ ಕೋಣೆಯ ಮನೆಯಲ್ಲಿ ಆರು ಜನ, ಜೊತೆಗೆ ದೊಡ್ಡಪ್ಪ ನೋಡಿಟ್ಟಿರುವ ಲಾರಿ ಡ್ರೈವರ್ ಗಂಡು. ಡ್ರೈವರ್ ಕೆಟ್ಟವನೇನಲ್ಲ. ನನಗೆ ಬೇಡ, ಅಷ್ಟೆ.

ಆದ್ದರಿಂದ ಕೆಮ್ಮಿಗೆ ಒಪ್ಪಿಕೊಂಡೆ.

ಕೆಮ್ಮು ಮುದಸ್ಸಿರನ ಉಪಾಯ. ಕೆಲಸದ ಹೊತ್ತಿನಲ್ಲಿ ನಾವು ಪರಸ್ಪರ ಮಾತಾಡುವಂತಿರಲಿಲ್ಲ. ನಡುವೆ ಪ್ಲೈವುಡ್ ಹಲಗೆಗಳಿದ್ದವು. ಆದರೆ ಕೆಮ್ಮಬಾರದೆಂದು ಎಲ್ಲೂ ಬರೆದಿರಲಿಲ್ಲ. ಪ್ರಶ್ನೆ ಬಂದ ಕೂಡಲೇ ಅವನು ಓದಿ ಒಂದು ಸಲ ಕೆಮ್ಮಿದರೆ ಸರಿ, ಎರಡು ಸಲ ಕೆಮ್ಮಿದರೆ ತಪ್ಪು. ಮೂವರೂ ಅದನ್ನೇ ಒತ್ತುವುದು. ನಮ್ಮ ತಂಡದ ಹೊಂದಾಣಿಕೆ ನೂರಕ್ಕೆ ತೊಂಬತ್ತೊಂಬತ್ತಕ್ಕೆ ಏರಿತು. ಟೀಮ್ ಲೀಡ್ ಜಗದೀಶ್ ಸರ್ ಮೀಟಿಂಗಿನಲ್ಲಿ ನಮ್ಮನ್ನು ಎದ್ದು ನಿಲ್ಲಿಸಿ ಚಪ್ಪಾಳೆ ಹೊಡೆಸಿದರು. ಮೆಟ್ಟಿಲ ಕೆಳಗೆ ಟೀ ಮಾರುವ ಜಟ್ಟೆಮ್ಮ ಮಾತ್ರ ನಮ್ಮ ಕೈಗೆ ಲೋಟ ಕೊಡುವಾಗ ಸೆರಗಿನಿಂದ ಮೂಗು ಮುಚ್ಚಿಕೊಳ್ಳತೊಡಗಿದಳು.

"ಬೆಳಗಿಂದ ಸಂಜೆಗಂಟ ಕೆಮ್ಮು ಕೇಳ್ತದೆ ಮೇಲಿಂದ. ಎಕ್ಸ್‌ರೇ ತೆಗಿಸ್ಕಳಿ ಮೊದ್ಲು. ಪ್ರಾಯದ ಹುಡುಗ್ರು."

ಇಪ್ಪತ್ತು ಉತ್ತರಗಳಲ್ಲಿ ಹತ್ತೊಂಬತ್ತು ಸರಿಯಾಗಿಯೇ ಇರುತ್ತಿದ್ದವು. ತಪ್ಪಿದ್ದ ಇಪ್ಪತ್ತನೆಯದಕ್ಕೂ ಒಂದೇ ಕೆಮ್ಮು ಬಂದಾಗ ನಾನು ಪರದೆಯ ಬದಲು ಗಡಿಯಾರ ನೋಡುತ್ತ ಸರಿ ಒತ್ತುತ್ತಿದ್ದೆ.

ಐದನೇ ತಿಂಗಳಲ್ಲಿ ಮುದಸ್ಸಿರನಿಗೆ ನಿಜವಾಗಿ ನೆಗಡಿಯಾಯಿತು. ರಜೆ ಹಾಕಿದರೆ ಸಂಬಳ ಹಿಡಿಯುತ್ತಾರೆಂದು ಬಂದು ಕೂತ. ಮಧ್ಯಾಹ್ನ ಊಟವಾದ ಮೇಲೆ ಗಂಟಲು ಅವನ ಮಾತು ಕೇಳುವುದನ್ನು ಬಿಟ್ಟಿತು. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಎಂದು ಯಂತ್ರ ಬರೆದಿತ್ತು. ಹಲಗೆಯ ಆಚೆಯಿಂದ ಎರಡು ಕೆಮ್ಮು.

ನನ್ನ ಬೆರಳು ನಿಂತಿತು. ವಾಷಿಂಗ್ಟನ್ ಮೊದಲ ಅಧ್ಯಕ್ಷನೆಂದು ಯಾವ ಶಾಲೆಯ ಮಗುವಿಗೂ ಗೊತ್ತು. ಆದರೆ ಅವರಿಬ್ಬರೂ ತಪ್ಪು ಒತ್ತಿ ನಾನೊಬ್ಬಳೇ ಸರಿ ಒತ್ತಿದರೆ ಐದನೆಯ ಮಿಸ್‌ಮ್ಯಾಚ್. ತಪ್ಪು ಒತ್ತಿದೆ. ಮೋನಿಷಾ ಯೋಚಿಸುವವಳೇ ಅಲ್ಲ, ಅವಳೂ ಒತ್ತಿದಳು. ಅಂದು ಮಧ್ಯಾಹ್ನ ಎರಡೂವರೆಯಿಂದ ವಾಷಿಂಗ್ಟನ್ ಅಮೆರಿಕದ ಮೊದಲ ಅಧ್ಯಕ್ಷನಾಗಿ ಉಳಿಯಲಿಲ್ಲ. ಮೂರು ಗಂಟೆಯೊಳಗೆ ಅಮೆರಿಕದವರು ಬ್ರಿಟಿಷರ ವಿರುದ್ಧ ದಂಗೆಯೆದ್ದದ್ದು, ರಾಜಧಾನಿ ವಾಷಿಂಗ್ಟನ್ ನಗರ ಎಂಬುದು, ಚಂದ್ರನ ಮೇಲೆ ಮನುಷ್ಯ ಇಳಿದದ್ದು, ಮೂರೂ ಸುಳ್ಳಾದವು. ನಾಲ್ಕು ಪ್ರಶ್ನೆಗೂ ಮುದಸ್ಸಿರ್ ಒಬ್ಬನೇ ಸರಿ ಒತ್ತಿದ್ದ.

ಟೀ ಅಂಗಡಿಯಲ್ಲಿ ಅವನು ಕೂಗಾಡಿದ. "ಅರೆ ಯಾರ್, ವಾಷಿಂಗ್ಟನ್ ಗೊತ್ತಿಲ್ವಾ ನಿನಗೆ? ಹಿಸ್ಟರಿ ಓದ್ದೋಳು ನೀನು!"

"ನೀನು ಎರಡು ಸಲ ಕೆಮ್ಮಿದೆ."

"ನೆಗಡಿ ಮಗಾ! ನೆಗಡಿ! ಮೂಗು ಕಾಣ್ತಿಲ್ವಾ?"

"ಕೆಮ್ಮಲ್ಲಿ ಯಾವುದು ನೆಗಡಿ, ಯಾವುದು ಹಿಸ್ಟರಿ ಅಂತ ನನಗೆ ಹೆಂಗೆ ಗೊತ್ತಾಗ್ಬೇಕು?"

"ಗೊತ್ತಿದ್ದೂ ತಪ್ಪು ಒತ್ತಿದ್ಯಲ್ಲ, ಸ್ವಂತ ಬುದ್ಧಿ ಇಲ್ವಾ?"

ನಾಲ್ಕು ಸಲ ಸ್ವಂತ ಬುದ್ಧಿಯಿಂದ ಒತ್ತಿದ್ದೆ, ನಾಲ್ಕು ಮಿಸ್‌ಮ್ಯಾಚ್ ಸಿಕ್ಕಿದ್ದವು ಎಂದೆ. ಈಗ ಅವನಿಗೂ ನಾಲ್ಕು, ನನಗೂ ನಾಲ್ಕು. ಜಟ್ಟೆಮ್ಮ ಅವನಿಗೆ ಶುಂಠಿ ಜಜ್ಜಿ ಹಾಕಿದ ಟೀ ಕೊಟ್ಟಳು, ಬೇರೆ ಪೇಪರ್ ಲೋಟದಲ್ಲಿ.

ಆರು ತಿಂಗಳ ಪ್ರೊಬೇಷನ್ ಮುಗಿಯಲು ಎರಡು ದಿನ ಬಾಕಿ ಇತ್ತು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಒಂದು ಪ್ರಶ್ನೆ ಬಂತು: ಗುಲಾಮರಿಗೆ ಬಿಡುಗಡೆ ಸಿಕ್ಕಿದ್ದು ಹೇಗೆ? ಯಂತ್ರದ ಉತ್ತರ: ಸಾವಿರದೆಂಟುನೂರ ಅರವತ್ತಮೂರನೆಯ ಇಸವಿ ಜನವರಿ ಒಂದರಂದು ಲಿಂಕನ್ ಒಂದು ಘೋಷಣೆಗೆ ಸಹಿ ಹಾಕಿದ, ಅಂದೇ ದೇಶದ ಎಲ್ಲ ಗುಲಾಮರೂ ಬಿಡುಗಡೆಯಾದರು.

ಒಂದು ಕೆಮ್ಮು. ಸರಿ.

ಮರದ ಹಲ್ಲನ್ನು, ಸುಟ್ಟ ಹೆಂಗಸರನ್ನು ನಾನು ಬಿಟ್ಟುಕೊಟ್ಟಿದ್ದೆ. ಇದನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ನಮ್ಮ ಜಾತಿಯವರಿಗೆ ಬೇರೆ ಲೋಟ ಇಡಬಾರದೆಂದು ದೆಹಲಿಯಲ್ಲಿ ಕಾನೂನು ಬರೆದಾಗ ನನ್ನ ಅಪ್ಪ ಇನ್ನೂ ಹುಟ್ಟಿರಲಿಲ್ಲ. ಹುಟ್ಟಿ, ಬೆಳೆದು, ಇಪ್ಪತ್ತು ವರ್ಷದವನಾಗುವವರೆಗೂ ನಮ್ಮೂರ ಹೋಟೆಲಿನಲ್ಲಿ ಆ ಲೋಟದಲ್ಲೇ ಕುಡಿದ, ತಾನೇ ತೊಳೆದಿಟ್ಟು ಬಂದ. ಕಾಗದಕ್ಕೆ ಸಹಿ ಬಿದ್ದ ದಿನವೇ ಎಲ್ಲರೂ ಬಿಡುಗಡೆಯಾದರು ಎಂಬುದು ಸುಳ್ಳೆಂದು ತಿಳಿಯಲು ನನಗೆ ದಪ್ಪ ಪುಸ್ತಕವೂ ಬೇಕಿರಲಿಲ್ಲ.

ನಾನು ಎರಡು ಸಲ ಕೆಮ್ಮಿದೆ. ಜೋರಾಗಿ.

ಹಲಗೆಯ ಆಚೆಯಿಂದ ಮುದಸ್ಸಿರ್ ಮತ್ತೆ ಒಂದು ಸಲ ಕೆಮ್ಮಿದ, ನನಗಿಂತ ಜೋರಾಗಿ. ನಾನು ಎರಡು. ಅವನು ಒಂದು. ಎಪ್ಪತ್ತು ಸೆಕೆಂಡು ಉಳಿದಿತ್ತು. ಮೋನಿಷಾ ಎದ್ದು ನಿಂತು ಹಲಗೆಯ ಮೇಲಿಂದ ತಲೆ ಹಾಕಿದಳು.

"ಅಯ್ಯೋ ಕಡವುಳೇ, ಯಾವ್ದಾದ್ರೂ ಒಂದು ಕೆಮ್ರಪ್ಪ! ನಾನು ಏನು ಒತ್ಲಿ?"

ಜಗದೀಶ್ ಸರ್ ಕುರ್ಚಿ ಹಿಂದಕ್ಕೆ ತಳ್ಳಿದ ಸದ್ದು ಕೇಳಿತು. ಅವರು ಬಂದು ನನ್ನ ಹಿಂದೆ ನಿಂತರು. ಕೆಮ್ಮಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಅವರಿಗೆ ಮೊದಲ ವಾರದಿಂದಲೂ ಗೊತ್ತಿತ್ತೆಂದು ಆಗ ನನಗೆ ಅರ್ಥವಾಯಿತು. ನಮ್ಮ ಹೊಂದಾಣಿಕೆಯ ಅಂಕಿಯ ಮೇಲೆ ಅವರ ಬಡ್ತಿ ನಿಂತಿತ್ತು.

"ಏನ್ರೀ ಯಮುನಾ, ಲಿಂಕನ್ ಬಿಡಿಸ್ಲಿಲ್ಲ ಅಂತೀರಾ?"

"ಎಲ್ರನ್ನೂ ಅಲ್ಲ ಸರ್. ಅವನ ಮೇಲೆ ಯುದ್ಧಕ್ಕೆ ನಿಂತಿದ್ದ ರಾಜ್ಯಗಳಲ್ಲಿ ಇದ್ದೋರನ್ನ ಮಾತ್ರ. ಅವನ ಕಡೇನೇ ಇದ್ದ ರಾಜ್ಯಗಳಲ್ಲಿ ಗುಲಾಮರನ್ನ ಹಂಗೇ ಇಟ್ಕೊಂಡಿದ್ರು. ದೇಶಕ್ಕೆಲ್ಲ ಒಂದು ಕಾನೂನು ಬರೋಕೆ ಇನ್ನೂ ಮೂರು ವರ್ಷ ಆಯ್ತು."

"ಕೊನೇಗೆ ಬಿಡಿಸಿದ್ರು ತಾನೆ?"

"ಬಿಡಿಸಿದ್ರು."

"ಮತ್ತೆ? ಮೂರು ವರ್ಷ ಹೆಚ್ಚುಕಮ್ಮಿಗೆ ಯಾಕ್ರೀ ಜಗಳ? ಸ್ಕೂಲಲ್ಲಿ ನಮಗೂ ಹಿಂಗೇ ಹೇಳ್ಕೊಟ್ಟಿದ್ದು. ಸರಿ ಒತ್ತಿ ಮೂರು ಜನಾನೂ. ಮಿಸ್‌ಮ್ಯಾಚೂ ಇಲ್ಲ, ಏನೂ ಇಲ್ಲ."

ಮುದಸ್ಸಿರ್ ಒತ್ತಿದ. ಮೋನಿಷಾ ಒತ್ತಿದಳು. ಇಪ್ಪತ್ತು ಸೆಕೆಂಡು ಉಳಿದಿತ್ತು. ನಾನು ತಪ್ಪು ಒತ್ತಿದರೆ ಅಮೆರಿಕದ ಯಾವ ಮಗುವಿಗೂ ಅದು ತಿಳಿಯುವುದಿಲ್ಲ, ಉತ್ತರ ಹಾಗೆಯೇ ಹೋಗುತ್ತದೆ, ಹೋಗುವುದು ನನ್ನ ಮಂಚ ಮಾತ್ರ. ಹಾಗೆ ಲೆಕ್ಕ ಹಾಕಿದೆ. ಐದು ಸೆಕೆಂಡು ಉಳಿದಿರುವಾಗ ಸರಿ ಒತ್ತಿದೆ. ಪರದೆ ಹಸಿರಾಯಿತು.

"ಗುಡ್," ಅಂದರು ಜಗದೀಶ್ ಸರ್.

ಒಂದನೇ ತಾರೀಕು ಮೂವರಿಗೂ ಖಾಯಂ ಪತ್ರ ಬಂತು. ನನ್ನದರಲ್ಲಿ 'ವಿಷಯ ತಜ್ಞೆ, ಅಮೆರಿಕದ ಇತಿಹಾಸ' ಎಂದಿತ್ತು. ಹಾಸ್ಟೆಲ್ಲಿನ ವಾರ್ಡನ್ ಸೀಲು ಮಾತ್ರ ನೋಡಿ ಫೈಲಿಗೆ ಸೇರಿಸಿದರು. ಖಾಯಂ ಆದವರಿಗೆ ಮಿಸ್‌ಮ್ಯಾಚ್ ಲೆಕ್ಕವಿಲ್ಲ. ಮುದಸ್ಸಿರನನ್ನು ಆರೋಗ್ಯದ ಪ್ರಶ್ನೆಗಳ ತಂಡಕ್ಕೆ ಹಾಕಿದರು. ಯಾವ ಜ್ವರಕ್ಕೆ ಯಾವ ಮಾತ್ರೆ ಎಂದು ಜನ ಕೇಳುತ್ತಾರಂತೆ. ಅಲ್ಲಿಯೂ ಅವನೇ ಕೆಮ್ಮುವುದು.

ಅವನ ಜಾಗಕ್ಕೆ ಫ್ರೇಜರ್ ಟೌನಿನ ಅಲಿಯಾ ಎಂಬ ಹೊಸ ಹುಡುಗಿ ಬಂದಳು. ಮೋನಿಷಾ ಅವಳನ್ನು ಟೀ ಅಂಗಡಿಗೆ ಕರೆದುಕೊಂಡು ಹೋಗಿ ನಿಯಮ ತಿಳಿಸಿದಳು. ಕೆಮ್ಮುವ ಕೆಲಸ ನನಗೆ ಬಂತು.

ಎರಡು ತಿಂಗಳ ಮೇಲೆ ವಾಷಿಂಗ್ಟನ್ನನ ಮರದ ಹಲ್ಲು ಮತ್ತೆ ಪರದೆಗೆ ಬಂತು. ಎರಡು ಸಲ ಕೆಮ್ಮಿದೆ. ಇಬ್ಬರೂ ತಪ್ಪು ಒತ್ತಿದರು. ಒಂದು ವಾರದಲ್ಲಿ ಕೊಲಂಬಸ್ ಬಂದ, ಸೇಲಂ ಬಂತು, ಜುಲೈ ನಾಲ್ಕು ಬಂತು. ನಾಲ್ಕಕ್ಕೂ ಎರಡೆರಡು ಕೆಮ್ಮು, ನಾಲ್ಕೂ ಸರಿಹೋದವು. ಜಗದೀಶ್ ಸರ್ ಮೀಟಿಂಗಿನಲ್ಲಿ ಮತ್ತೆ ನಮ್ಮನ್ನು ಎದ್ದು ನಿಲ್ಲಿಸಿದರು. ತೊಂಬತ್ತೊಂಬತ್ತು. ಮುದಸ್ಸಿರ್ ಕೆಮ್ಮುತ್ತಿದ್ದಾಗಲೂ ತೊಂಬತ್ತೊಂಬತ್ತೇ ಇತ್ತು.

ಮೀಟಿಂಗ್ ಮುಗಿದ ಮೇಲೆ ಕೇಳಿದೆ. "ಸರ್, ಆ ಲಿಂಕನ್ ಪ್ರಶ್ನೆ ಯಾವಾಗ ಬರುತ್ತೆ?"

"ಯಾವುದು? ಅವತ್ತಿಂದಾ? ಅದು ಬರಲ್ಲ ಕಣ್ರೀ."

"ಹಲ್ಲಿಂದು ಬಂತಲ್ಲ."

"ಅದಕ್ಕೆ ನೀವು ಆಗ ಮಿಸ್‌ಮ್ಯಾಚ್ ಮಾಡಿದ್ರಲ್ಲ. ಎರಡಕ್ಕೆ ಒಂದು ಆದದ್ದನ್ನ ಕೆಲವು ತಿಂಗಳು ಬಿಟ್ಟು ಮತ್ತೆ ಚೆಕ್ಕಿಗೆ ಕಳಿಸ್ತಾರೆ. ಲಿಂಕನ್ದು ಮೂರಕ್ಕೆ ಮೂರು. ಎಲ್ರೂ ಒಪ್ಪಿದ್ದನ್ನ ಯಾಕೆ ಕಳಿಸ್ತಾರೆ?"

ಇದನ್ನು ಅವರು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಲಿಲ್ಲ. ನಾನೂ ಕೇಳಿರಲಿಲ್ಲ.

ಕೆಳಗಿಳಿದು ಹೋದೆ. ದಿನವಿಡೀ ಕೆಮ್ಮಿ ಗಂಟಲು ಕಟ್ಟಿತ್ತು. ಟೀ ಕೇಳಲು ಬಾಯಿ ತೆರೆದರೆ ಧ್ವನಿ ಹೊರಡಲಿಲ್ಲ. ಜಟ್ಟೆಮ್ಮ ನನ್ನನ್ನೇ ನೋಡಿದಳು. ಶುಂಠಿ ಜಜ್ಜಿದಳು. ಸ್ಟೀಲ್ ಲೋಟಗಳ ಸಾಲನ್ನು ಬಿಟ್ಟು ಒಂದು ಪೇಪರ್ ಲೋಟ ತೆಗೆದಳು.

"ನಿಂಗೂ ಅಂಟ್ಕೊಂತಾ?" ಅಂದಳು.

ಹೌದೆಂದು ತಲೆಯಾಡಿಸಿ ಲೋಟ ತೆಗೆದುಕೊಂಡೆ.