ಜೌಗಿನಲ್ಲಿ ಉಳಿದ ಹನ್ನೊಂದು ಗಿಡ

ಮಳೆ ನಿಂತು ಜೌಗು ಬಯಲಿನ ಹುಲ್ಲು ಹಳದಿಗೆ ತಿರುಗಿದಾಗ ಚೋಲ ತನ್ನ ತಂಗಿ ಕಂಗ್ವಳನ್ನು ಅಲ್ಲಿಗೆ ಕರೆದೊಯ್ದಳು. ಆ ಜಾಗವನ್ನು ತಾಯಿ ಹಿರಿಮಗಳಾದ ಚೋಲಳೊಬ್ಬಳಿಗೇ ತೋರಿಸಿ ಸತ್ತಿದ್ದಳು. ಆದರೆ ಗಂಡ ಬಿಟ್ಟ ಮೇಲೆ ಕಂಗ್ವ ಮೂರು ಮಕ್ಕಳನ್ನು ಕಟ್ಟಿಕೊಂಡು ಕಸಾಮ ಪೇಟೆಯಿಂದ ವಾಪಸು ಬಂದಿದ್ದಳು. ಆ ಮಕ್ಕಳ ಮುಖ ನೋಡಿ ಚೋಲಳ ಕರುಳು ಚುರುಕ್ ಎಂದಿತ್ತು.

ಅಲ್ಲಿನ ಕಾಡು ಆರ್ಕಿಡ್ ಗಿಡದ ಬಾಡಿದ ಹೂಗೊಂಚಲಿನ ಬುಡ ಅಗೆದರೆ ಎರಡು ಗೆಡ್ಡೆ. ಒಂದು ಸುಕ್ಕುಗಟ್ಟಿದ್ದು, ಇನ್ನೊಂದು ಗಟ್ಟಿ, ಬರುವ ವರ್ಷ ಚಿಗುರಬೇಕಾದದ್ದು. ಕುಟ್ಟಿ, ಕಡಲೆಕಾಯಿ ಪುಡಿ ಹಾಕಿ ಚಿಕಾಂಡವೆಂಬ ಕಡುಬು ಬೇಯಿಸುವುದು ಆ ಗಟ್ಟಿ ಗೆಡ್ಡೆಯಿಂದಲೇ.

"ಮೂರು ಗಿಡದಲ್ಲಿ ಒಂದು ಮಾತ್ರ ಕೀಳು. ಸಣ್ಣದಿದ್ರೆ ಮಣ್ಣು ಮುಚ್ಚಿಬಿಡು."

"ಥೇಟ್ ಅಮ್ಮನ ಥರಾನೇ ಆಡ್ತೀಯಲ್ಲೇ ಅಕ್ಕ!" ಕಂಗ್ವ ನಕ್ಕಳು.

"ಯಾರಿಗೂ ಹೇಳ್ಬೇಡ ಕಣೇ, ನನ್ನಾಣೆ."

"ನನಗೇನು ತಲೆ ಕೆಟ್ಟಿದೆಯಾ?"

ಎರಡು ವಾರ ಬಿಟ್ಟು ಚೋಲ ಮತ್ತೆ ಹೋದಾಗ ಬಯಲು ಹಂದಿಗಳು ಕೆದಕಿದಂತೆ ಬುಡಮೇಲಾಗಿತ್ತು. ಹುಲ್ಲಿನ ಮೇಲೆ ಲಾರಿಯ ಗಾಲಿಗುರುತು. ಬೆರಳ ತುದಿಯಷ್ಟಿದ್ದ ಗೆಡ್ಡೆಗಳನ್ನೂ ಕಿತ್ತು, ಬೇಡವೆಂದು ಬಿಸಿಲಿಗೆ ಎಸೆದಿದ್ದರು. ದನ ಕಾಯುತ್ತಿದ್ದ ಮುದುಕಿ ಹೇಳಿದಳು: "ನಿನ್ನ ತಂಗೀನೇ ಗೆಡ್ಡೆ ವ್ಯಾಪಾರಿಗಳ ಲಾರೀಲಿ ಡ್ರೈವರ್ ಪಕ್ಕ ಕೂತು ದಾರಿ ತೋರಿಸಿದ್ಲಮ್ಮಾ."

ಚೋಲ ನೇರ ತಂಗಿಯ ಗುಡಿಸಲಿಗೆ ಹೋದಳು. ಜೋಳದ ಹಿಟ್ಟು ತಿರುವುತ್ತಿದ್ದ ಕಂಗ್ವ ಇಲ್ಲವೆನ್ನಲಿಲ್ಲ.

"ಮೂರರಲ್ಲಿ ಒಂದು ಅಂದೆ. ನನ್ನ ಮೂರು ಮಕ್ಕಳಲ್ಲಿ ಯಾವುದಕ್ಕೆ ಉಣ್ಣಿಸ್ಲಿ, ನೀನೇ ಹೇಳು."

"ನನ್ನ ಕೇಳ್ಬಹುದಿತ್ತಲ್ಲೇ!"

"ಅಮ್ಮ ಒಂದಿನಾನಾದ್ರೂ ನನ್ನ ಅಲ್ಲಿಗೆ ಕರೆದಿದ್ಲಾ? ನೀನೂ ಕರೆದಿದ್ದು ಅಯ್ಯೋ ಪಾಪ ಅಂತ. ಆ ಪಾಪ ನಂಗೆ ಬೇಡ."

ಮುಂದಿನ ಮಳೆಗಾಲದವರೆಗೂ ಅಕ್ಕತಂಗಿಯರು ಬಾವಿಯ ಹತ್ತಿರ ಎದುರಾದರೂ ಮಾತಾಡಲಿಲ್ಲ.

ಮಳೆಯಲ್ಲಿ ಚೋಲ ಒಬ್ಬಳೇ ಬಯಲಿಗೆ ಹೋದಳು. ಮೊದಲು ನಸುಗೆಂಪು ಹೂವು ಕಾಲಿಡಲು ಜಾಗವಿಲ್ಲದಂತೆ ಅರಳುತ್ತಿದ್ದಲ್ಲಿ ಬರೀ ಕೆಸರು. ದೊಡ್ಡ ಹುತ್ತದ ಮಗ್ಗುಲಲ್ಲಿ ಮಾತ್ರ ಹನ್ನೊಂದು ಗಿಡ ಹೂ ಬಿಟ್ಟಿದ್ದವು. ಮೂರು ತಿಂಗಳು ಅವನ್ನು ಕಾದಳು. ಹೂವು ಬಾಡುವ ಹೊತ್ತಿಗೆ, ಲಾರಿಯವರು ಮತ್ತೆ ಹಳ್ಳಿಯಲ್ಲಿ ವಿಚಾರಿಸುತ್ತಿದ್ದಾರೆಂಬ ಸುದ್ದಿ ಬಂತು. ಅವತ್ತು ಬೆಳಿಗ್ಗೆಯೇ ಗುದ್ದಲಿ ಹಿಡಿದು ಹೋಗಿ ಹನ್ನೊಂದನ್ನೂ ಕಿತ್ತಳು. ಒಂದನ್ನೂ ಉಳಿಸಲಿಲ್ಲ. ಅವರ ಕೈಗೆ ಸಿಗುವುದಕ್ಕಿಂತ ತನ್ನ ಕೈಯಲ್ಲೇ ಮುಗಿಯಲಿ ಅನ್ನಿಸಿತ್ತು.

ಬೇಯಿಸಿದರೆ ಅಂಗೈಯಗಲದ ಚಿಕಾಂಡವಾಯಿತು. ಹೋಳು ಮಾಡಿ ತಂಗಿಯ ಮಕ್ಕಳ ಮುಂದಿಟ್ಟಳು. ಮಕ್ಕಳು ಮುಗಿಬಿದ್ದವು.

ಬಾಗಿಲಲ್ಲಿ ನಿಂತ ಕಂಗ್ವ ಮೆಲ್ಲಗೆ ಕೇಳಿದಳು. "ಇನ್ನೂ ಇದೆಯಾ ಅಕ್ಕ, ಅಲ್ಲಿ?"

"ಇತ್ತು," ಎಂದಳು ಚೋಲ. "ನಾನೇ ಮುಗಿಸಿ ಬಂದೆ."