‘ಬಿಡಿ’ ಎಂಬ ಗುಂಡಿ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಎಂದು ನನಗೆ ಇನ್ನೂ ಗೊತ್ತಾಗಿಲ್ಲ. ಗುಂಡಿಯಿಂದ ಶುರು ಮಾಡಿದರೆ ನೀವು ಇದು ಕಂಪ್ಯೂಟರಿನ ಕಥೆ ಎಂದು ಪುಟ ತಿರುಗಿಸುತ್ತೀರಿ. ಬಿಸ್ಕತ್ತಿನಿಂದ ಶುರು ಮಾಡಿದರೆ ಮಕ್ಕಳ ಕಥೆ ಅಂದುಕೊಳ್ಳುತ್ತೀರಿ. (ಇದರಲ್ಲಿ ಮಗು ಬಂದುಬಿಡುತ್ತದೇನೋ ಎಂಬುದೇ ನನ್ನ ದೊಡ್ಡ ಭಯ.) ಒಬ್ಬ ಹೆಂಗಸಿನಿಂದ ಶುರು ಮಾಡೋಣವೆಂದರೆ ಇಬ್ಬರಿದ್ದಾರೆ. ಇಬ್ಬರೂ ಒಂದೇ ಅಡುಗೆಮನೆಯಲ್ಲಿ ಬೆನ್ನಿಗೆ ಬೆನ್ನು ತಾಗುವಂತೆ ನಿಂತಿದ್ದಾರೆ.

ಮೊದಲು ಬರೆದ ಸಾಲು ಹೀಗಿತ್ತು: “ಮುಂಜಾನೆಯ ಎಳೆಬಿಸಿಲು ಕಾರ್ಖಾನೆಯ ಉಗ್ರಾಣದ ಮೇಲೆ ಬಂಗಾರ ಚೆಲ್ಲಿತ್ತು.” ಹೊಡೆದುಹಾಕಿದೆ. ಉಗ್ರಾಣಕ್ಕೆ ಕಿಟಕಿಯೇ ಇಲ್ಲ. ಒಳಗೆ ಕೆಲಸ ಮಾಡುವವರಿಗೆ ಬಿಸಿಲು ಬಂಗಾರವಾದರೇನು, ತಗಡಾದರೇನು?

೨

ಇಬ್ಬರಲ್ಲಿ ಒಬ್ಬಳು ಅತ್ತಿಗೆ, ಇನ್ನೊಬ್ಬಳು ನಾದಿನಿ. (ನಡುವಿನ ಅಣ್ಣ ಈ ಕಥೆಗೆ ಬರುವುದಿಲ್ಲ. ಅವನು ಬಂದರೆ ಇಬ್ಬರೂ ಮಾತು ನಿಲ್ಲಿಸುತ್ತಾರೆ.)

ಅತ್ತಿಗೆ ಬಿಸ್ಕತ್ತು ಕಾರ್ಖಾನೆಯ ಉಗ್ರಾಣ ನೋಡಿಕೊಳ್ಳುತ್ತಾಳೆ. ನಾದಿನಿ ಇರುವುದು ಸಾಫ್ಟ್‌ವೇರ್ ಆಫೀಸಿನಲ್ಲಿ. ಆಹಾರ ತಯಾರಿಸುವ ಕಂಪನಿಗಳು ತಮ್ಮ ಇಡೀ ವ್ಯವಹಾರ ನಡೆಸಲು ಬಳಸುವ ಸಾಫ್ಟ್‌ವೇರನ್ನು ಅಲ್ಲಿ ಮಾಡುತ್ತಾರೆ. ಹಿಟ್ಟಿನ ಮೂಟೆ ಗೇಟು ದಾಟಿದ ಕೂಡಲೇ ಅದಕ್ಕೊಂದು ನಂಬರು ಬೀಳುತ್ತದೆ. ಆ ಹಿಟ್ಟು ಯಾವ ಯಂತ್ರಕ್ಕೆ, ಯಾವ ಪೆಟ್ಟಿಗೆಗೆ, ಯಾವ ಲಾರಿಗೆ ಹೋಯಿತು ಎಂಬುದನ್ನೆಲ್ಲ ಸಾಫ್ಟ್‌ವೇರು ನೆರಳಿನಂತೆ ಹಿಂಬಾಲಿಸುತ್ತದೆ. ಒಟ್ಟಿಗೆ ತಯಾರಾದ ಸರಕಿಗೆ ಲಾಟ್ ಎನ್ನುತ್ತಾರೆ. ಒಂದು ಲಾಟಿನ ಮೇಲೆ ಅನುಮಾನ ಬಂತೋ, ಪರೀಕ್ಷೆ ಮುಗಿಯುವವರೆಗೆ ಅದಕ್ಕೆ ತಡೆ ಬೀಳುತ್ತದೆ. ತಡೆ ಇರುವಷ್ಟು ಕಾಲ ಲಾರಿಗೆ ಸರಕು ಏರಿಸುವ ಚೀಟಿ ಹುಟ್ಟುವುದಿಲ್ಲ.

ಇದೆಲ್ಲ ಮೊದಲು ಇಂಗ್ಲಿಷಿನಲ್ಲಿತ್ತು. ಕೆಲಸಗಾರರಿಗೆ ಅರ್ಥವಾಗಲಿ ಎಂದು ನಮ್ಮ ಭಾಷೆಗೆ ತರುವ ಕೆಲಸ ನಾದಿನಿಯ ಪಾಲಿಗೆ ಬಂತು. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಖಾಲಿ ಜಾಗ. ಆ ಪದ ಯಾವ ಪರದೆಯಲ್ಲಿ, ಯಾವುದರ ಪಕ್ಕ ಕೂರುತ್ತದೆಂದು ಅವಳಿಗೆ ಯಾರೂ ತೋರಿಸಲಿಲ್ಲ. ಆಳು ನೋಡದೆ ಅಂಗಿ ಹೊಲಿದಂತೆ ಅವಳು ಹೊಲಿಯುತ್ತ ಹೋದಳು. ‘ರಿಜೆಕ್ಟ್’ ಎಂದಿದ್ದಲ್ಲಿ ‘ತೆಗೆಯಿರಿ’ ಎಂದಳು. ‘ರಿಲೀಸ್’ ಎಂದಿದ್ದಲ್ಲಿ ‘ಬಿಡುಗಡೆ ಮಾಡಿ’ ಎಂದಳು. ಅದು ಪರದೆಯ ಮೇಲೆ ಒತ್ತುವ ಗುಂಡಿಯಲ್ಲಿ ಹಿಡಿಸದೆ ‘ಬಿಡುಗಡೆ ಮಾ’ ಎಂದು ಬಾಲ ಕತ್ತರಿಸಿಕೊಂಡು ವಾಪಸು ಬಂತು. ಆಗ ಅವಳು ‘ಬಿಡಿ’ ಎಂದು ಚಿಕ್ಕದು ಮಾಡಿದಳು. ಅವಳಿಗೆ ಖುಷಿಯೂ ಆಯಿತು. ಗಂಜಿ ಹಾಕದ, ಬಾಯಲ್ಲಿ ಆಡುವ ಮಾತು.

ಅವಳಿಗಿಂತ ಹೆಚ್ಚು ಖುಷಿಪಟ್ಟವಳು ಅತ್ತಿಗೆ. ಹೊಸ ಪರದೆ ಬಂದ ದಿನ ಉಗ್ರಾಣದ ಹಮಾಲರನ್ನೆಲ್ಲ ಕರೆದು ತೋರಿಸಿದಳು.

“ನೋಡ್ರಪ್ಪಾ, ನಮ್ಮ ನಿಘಂಟಮ್ಮ ಬರೆದಿರೋದು. ಇನ್ಮೇಲೆ ಕಂಪ್ಯೂಟರು ನಮ್ಮನೆ ಮಾತಾಡುತ್ತೆ!”

೩

ಈಗ ಗುಂಡಿ. (ನಮ್ಮ ಭಾಷೆಯಲ್ಲಿ ಗುಂಡಿಯನ್ನು ಒತ್ತಲೂಬಹುದು, ಅದರಲ್ಲಿ ಬೀಳಲೂಬಹುದು. ನಗು ಬರದಿದ್ದರೆ ಕ್ಷಮಿಸಿ, ನನಗೂ ಬರಲಿಲ್ಲ.)

ಹಾಲು ಸೇರದ ಬಿಸ್ಕತ್ತಿನ ಒಂದು ಲಾಟು ಉಗ್ರಾಣಕ್ಕೆ ಬಂತು. ಹಾಲು ಮೈಗೆ ಒಗ್ಗದವರಿಗೆಂದೇ ಮಾಡುವ ಬಿಸ್ಕತ್ತು ಅದು. ಅಂಥವರಲ್ಲಿ ಕೆಲವರಿಗೆ ಹಾಲಿನ ಒಂದು ಕಣ ಒಳಗೆ ಹೋದರೂ ಗಂಟಲು ಊದಿ ಉಸಿರು ಕಟ್ಟುತ್ತದೆ. ಇದಕ್ಕೂ ಮುಂಚೆ ಅದೇ ಯಂತ್ರದಲ್ಲಿ ಹಾಲಿನ ಬಿಸ್ಕತ್ತು ಮಾಡಿದ್ದರು. ಯಂತ್ರ ತೊಳೆದಿದ್ದರು, ಆದರೆ ತೊಳೆದದ್ದು ಸಾಲದೇನೋ ಎಂಬ ಅನುಮಾನದಿಂದ ಲ್ಯಾಬಿನವರು ತಡೆ ಹಾಕಿದ್ದರು. ಪರೀಕ್ಷೆಯ ಫಲಿತಾಂಶ ಇನ್ನೂ ಬಂದಿರಲಿಲ್ಲ.

ಅತ್ತಿಗೆ ಪರದೆ ತೆರೆದಳು. ಪರದೆ ಕೇಳಿತು: ‘ಈ ಲಾಟ್ ತಡೆಯಲ್ಲಿದೆ. ಏನು ಮಾಡಬೇಕು?’ ಕೆಳಗೆ ಎರಡು ಗುಂಡಿ. ಒಂದು ‘ತೆಗೆಯಿರಿ’. ಇನ್ನೊಂದು ‘ಬಿಡಿ’.

ತೆಗೆಯುವುದೇ? ಪರೀಕ್ಷೆಯೇ ಮುಗಿದಿಲ್ಲ, ಈಗಲೇ ತೆಗೆದು ಕಸಕ್ಕೆ ಹಾಕುವುದು ಹೇಗೆ? ಇದ್ದಲ್ಲೇ ಇರಲಿ, ಮುಟ್ಟುವುದು ಬೇಡ. ಹಾಗೆಂದುಕೊಂಡು ಅತ್ತಿಗೆ ‘ಬಿಡಿ’ ಒತ್ತಿದಳು.

ನೀವಾಗಿದ್ದರೆ ಏನು ಒತ್ತುತ್ತಿದ್ದಿರಿ? ಯಾರೋ ಮೇಜಿನ ಮೇಲಿನ ತಟ್ಟೆಗೆ ಕೈ ಹಾಕಿ “ತೆಗೀಲಾ?” ಎಂದಾಗ ನೀವು “ಬಿಡಿ” ಎಂದರೆ, ಇರಲಿ ಎಂದರ್ಥ. ಬೀದಿಯಲ್ಲಿ ಯಾರೋ ನಿಮ್ಮ ತೋಳು ಹಿಡಿದಾಗ “ಬಿಡಿ” ಎಂದರೆ, ಹೋಗಲಿ ಎಂದರ್ಥ. ಇರಲಿ ಎನ್ನುವುದಕ್ಕೂ ಹೋಗಲಿ ಎನ್ನುವುದಕ್ಕೂ ಒಂದೇ ಪದ ಇಟ್ಟುಕೊಂಡು ನಾವು ಇಷ್ಟು ಕಾಲ ಬಾಳಿದ್ದೇವೆ, ಯಾಕೆಂದರೆ ಮಾತಾಡುವಾಗ ಎದುರಿಗೊಂದು ಮುಖ ಇರುತ್ತಿತ್ತು. ಗುಂಡಿಗೆ ಮುಖವಿಲ್ಲ.

ತಡೆ ಕಳಚಿಕೊಂಡಿತು. ಲಾರಿಯ ಚೀಟಿ ತಾನಾಗಿ ಹುಟ್ಟಿತು. ಅತ್ತಿಗೆ ಸಕ್ಕರೆ ಇಳಿಸಿಕೊಳ್ಳಲು ಹಿಂದಿನ ಗೇಟಿಗೆ ಹೋಗಿದ್ದಾಗ ಹಮಾಲರು ಚೀಟಿ ನೋಡಿ ಲಾಟನ್ನು ಲಾರಿಗೆ ಏರಿಸಿದರು. ಮರುದಿನ ಲ್ಯಾಬಿನಾಕೆ ಬಂದು, “ಹಾಲಿನ ಅಂಶ ಸಿಕ್ಕಿದೆ ಅಕ್ಕ, ಆ ಲಾಟು ಹೊರಗೆ ಹೋಗಬಾರದು. ಎಲ್ಲಿಟ್ಟಿದ್ದೀರಾ?” ಎಂದಾಗ ಅತ್ತಿಗೆ ತಿರುಗಿ ನೋಡಿದಳು. ಪೆಟ್ಟಿಗೆಗಳಿದ್ದ ಜಾಗದಲ್ಲಿ ನೆಲ ಮಾತ್ರ ಇತ್ತು.

ಅಂದೇ ಕಂಪನಿ ಎಲ್ಲ ಕಡೆಗೂ ಸುದ್ದಿ ಮುಟ್ಟಿಸಿತು. ಪೆಟ್ಟಿಗೆಗಳು ಹೋದ ದಾರಿಯಲ್ಲೇ ವಾಪಸು ಬಂದವು, ಒಂದನ್ನು ಬಿಟ್ಟು. ಅದನ್ನು ಒಬ್ಬ ಸಗಟು ವ್ಯಾಪಾರಿ ಒಡೆದು, ಪೊಟ್ಟಣ ಪೊಟ್ಟಣವಾಗಿ ಸಣ್ಣ ಅಂಗಡಿಗಳಿಗೆ ಹಂಚಿಬಿಟ್ಟಿದ್ದ.

೪

ಇಲ್ಲಿ ನಾನೊಂದು ಮಗುವನ್ನು ಬರೆದೆ.

ಹುಡುಗಿ. ಹೊಸ ಚಪ್ಪಲಿ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಾಳೆ. ಪೊಟ್ಟಣದ ಅಂಚನ್ನು ಹಲ್ಲಿನಿಂದ ಹರಿಯುತ್ತಿದ್ದಾಳೆ. ಒಳಗಿನಿಂದ ಅವಳಮ್ಮ “ತಿಂದು ಕೈ ತೊಳ್ಕೋ” ಎನ್ನುತ್ತಿದ್ದಾಳೆ. ಅಷ್ಟು ಬರೆಯುವಾಗಲೇ ಅತ್ತಿಗೆ ಕಥೆಯಿಂದೆದ್ದು ನನ್ನ ಮುಂದೆ ಬಂದು ನಿಂತಳು.

“ಯಾರದು ಆ ಮಗು?”

ಯಾರದ್ದೂ ಅಲ್ಲ, ಕಥೆಯದ್ದು ಎಂದೆ.

“ಕಥೆಯದ್ದಾದ್ರೆ ಉಸಿರು ಕಟ್ಟಲ್ವಾ?”

ಓದುವವರಿಗೆ ಇದರ ಗಂಭೀರತೆ ಗೊತ್ತಾಗಬೇಕಲ್ಲಮ್ಮ, ಬರೀ ಬಿಸ್ಕತ್ತು ಎಂದುಕೊಂಡುಬಿಟ್ಟರೆ? ಎಂದು ತೊದಲಿದೆ.

“ನನ್ನ ತಪ್ಪಿನ ತೂಕ ತೋರ್ಸೋಕೆ ನಿಮಗೊಂದು ಮಗು ಬೇಕಾ? ನನ್ನ ಮುಖ ನೋಡಿದ್ರೆ ಸಾಲಲ್ವಾ?”

ಹೊಡೆದುಹಾಕಿದೆ. ಹುಡುಗಿಯನ್ನು ಮೆಟ್ಟಿಲಿನಿಂದ ಎಬ್ಬಿಸಿ ಒಳಗೆ ಕಳಿಸಿದೆ. (ಆದರೆ ನೀವು ಅವಳನ್ನು ನೋಡಿಬಿಟ್ಟಿರಿ. ಬರೆದದ್ದನ್ನು ಹೊಡೆಯಬಹುದು, ಓದಿದ್ದನ್ನು ಹೇಗೆ ಹೊಡೆಯುವುದು?)

ಪ್ರಾಯಶ್ಚಿತ್ತಕ್ಕೆಂದು ಇನ್ನೊಂದು ಸಾಲು ಬರೆದೆ: “ಸಂಜೆಯ ಹೊತ್ತಿಗೆ ಎಲ್ಲ ಪೊಟ್ಟಣಗಳೂ ಸಿಕ್ಕಿದವು.” ಅತ್ತಿಗೆಗೆ ಇದು ಹಿಡಿಸೀತು ಎಂದುಕೊಂಡಿದ್ದೆ. ಅವಳ ಮುಖ ಇನ್ನಷ್ಟು ಕಪ್ಪಿಟ್ಟಿತು.

“ಇದು ಅದಕ್ಕಿಂತ ಕೆಟ್ಟದ್ದು. ಸಿಕ್ತು ಅಂತ ಬರೆದ್ರೆ ಹುಡುಕೋದು ನಿಲ್ಲಿಸಿಬಿಡ್ತಾರೆ.”

೫

ಲಾಟು ಹೊರಗೆ ಹೋದದ್ದಕ್ಕೆ ಕಾರ್ಖಾನೆಯಲ್ಲಿ ಅತ್ತಿಗೆಯ ವಿಚಾರಣೆ ಇದ್ದ ದಿನದ ಬೆಳಿಗ್ಗೆ. ಅಡುಗೆಮನೆ. ಹಿಂದಿನ ದಿನ ನಾದಿನಿಯ ಆಫೀಸಿನ ಮುಖ್ಯಸ್ಥ ಅವಳನ್ನು ಕರೆದು ಮೆತ್ತಗೆ ಹೇಳಿದ್ದ: “ಮುಂದಿನ ಅಪ್‌ಡೇಟಲ್ಲಿ ಆ ಪದ ಸದ್ದಿಲ್ಲದೆ ಬದಲಾಯಿಸೋಣ. ನೀವು ಎಲ್ಲೂ ಬಾಯಿ ಹಾಕೋಕೆ ಹೋಗ್ಬೇಡಿ. ಆಮೇಲೆ ನಿಮ್ಮನ್ನ ಉಳಿಸ್ಕೊಳ್ಳೋದು ನನ್ನ ಕೈಲಿರಲ್ಲ.” ಬಾಯಿ ತೆರೆದರೆ ನಾದಿನಿಯ ಕೆಲಸ ಹೋಗುತ್ತದೆ, ಮುಚ್ಚಿಕೊಂಡರೆ ಅತ್ತಿಗೆಯ ಕೆಲಸ. ಅವಳದ್ದು ಕೆಲಸದ ಜೊತೆ ಹೆಸರೂ ಹೋಗುತ್ತದೆ.

“ಅತ್ತಿಗೆ, ಇವತ್ತು ನಾನೂ ಬರ್ತೀನಿ.”

“ಎಲ್ಲಿಗೆ? ನಿಂಗೇನಿದೆ ಅಲ್ಲಿ?”

“ಆ ಪದ ನಂದು.”

“ಪದ ನಿಂದಾದ್ರೆ ಬೆರಳು ನಂದು. ಸುಮ್ನೆ ಡಬ್ಬಿ ಮುಚ್ಚು, ಹೊತ್ತಾಯ್ತು.”

“ನೀವಾದ್ರೂ ಹೇಳಬಹುದಲ್ಲ, ಪದ ಸರಿಯಿರಲಿಲ್ಲ ಅಂತ.”

“ಇಡೀ ಉಗ್ರಾಣಕ್ಕೆ ಡಂಗುರ ಹೊಡೆದು ಬಂದಿದ್ದೀನಿ ಕಣೆ, ನಮ್ಮ ಹುಡುಗಿ ಬರೆದಿದ್ದು ಅಂತ. ಈಗ ಅದೇ ಬಾಯಲ್ಲಿ ನೀನು ಬರೆದಿದ್ದು ತಪ್ಪು ಅನ್ಲಾ?”

“ನಿಮ್ಮನ್ನ ಕೆಲಸದಿಂದ ತೆಗೀತಾರೆ!”

“ತೆಗೀಲಿ ಬಿಡು.”

ಇಬ್ಬರೂ ಅಲ್ಲಿಗೇ ನಿಂತರು. ಮೊದಲು ನಕ್ಕವಳು ಅತ್ತಿಗೆ.

“ನೋಡು, ನಿನ್ನ ಎರಡು ಗುಂಡೀನೂ ಒಟ್ಟಿಗೆ ಒತ್ತಿಬಿಟ್ಟೆ.”

ನಾದಿನಿಗೂ ನಗು ಬಂತು. ನಗುತ್ತಲೇ ಡಬ್ಬಿ ಮುಚ್ಚಲು ಹೋದವಳಿಗೆ ಮುಚ್ಚಳ ಕಾಣದಾಯಿತು. ಅತ್ತಿಗೆ ಸೆರಗಿನಿಂದ ಅವಳ ಕಣ್ಣೊರೆಸಿ, “ಅಳುಬುರುಕಿ, ಬಾ ಹೋಗೋಣ” ಎಂದಳು.

೬ (ಮೂರು ಸಲ ಬರೆದದ್ದು)

ಮೊದಲ ಸಲ: ನಾದಿನಿ ಕಾರ್ಖಾನೆಯ ಮ್ಯಾನೇಜರನ ಕೋಣೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಳು. ಇದನ್ನು ಬರೆದು ನಾನು ಚಹಾ ಕುಡಿಯಲು ಎದ್ದಾಗ ಅವಳೇ ಅಡ್ಡ ಬಂದಳು. “ನಾನು ಪುಕ್ಕಲಿ ನಿಜ. ಆದ್ರೆ ನೀವು ನಿಮ್ಮ ಪುಕ್ಕಲುತನಾನೂ ನನ್ನ ತಲೆಗೇ ಕಟ್ತಿದ್ದೀರಾ.” ಹೊಡೆದುಹಾಕಿದೆ.

ಎರಡನೇ ಸಲ: ನಾದಿನಿ ಎದ್ದು ನಿಂತು ಭಾಷೆ, ಯಂತ್ರ ಮತ್ತು ಮನುಷ್ಯನ ಬಗ್ಗೆ ಅಮೋಘವಾಗಿ ಮಾತಾಡಿದಳು. ಮ್ಯಾನೇಜರ್ ತಲೆದೂಗಿದ. ಇದು ಶುದ್ಧ ಸುಳ್ಳು. ಅಂಥ ಮಾತು ಬರುವವಳಾಗಿದ್ದರೆ ‘ಬಿಡುಗಡೆ ಮಾ’ ಎಂದು ಪದ ವಾಪಸು ಬಂದ ದಿನವೇ, ಪದ ಯಾಕೆ ಚಿಕ್ಕದಾಗಬೇಕು, ಗುಂಡಿ ದೊಡ್ಡದು ಮಾಡಿ ಎಂದು ಕೇಳುತ್ತಿದ್ದಳು.

ಮೂರನೇ ಸಲ ನಾನು ಏನನ್ನೂ ಬಯಸದೆ, ಅವರ ಹಿಂದೆ ಬಾಗಿಲ ಬಳಿ ನಿಂತು ಬರೆದುಕೊಂಡೆ.

ಮ್ಯಾನೇಜರ್ ಕೆಟ್ಟವನಾಗಿರಲಿಲ್ಲ. ನಿದ್ದೆಗೆಟ್ಟ ಕಣ್ಣು. ಮೇಜಿನ ಮೇಲೆ ಫೋನು ನಡುಗಿದಾಗಲೆಲ್ಲ ಅವನೂ ನಡುಗುತ್ತಿದ್ದ.

“ತರಬೇತಿ ಕೊಟ್ಟಿದ್ವಿ. ಮೂಲೇಲಿ ಪರದೆ ಮುಚ್ಚೋ ಗುರುತೂ ಇತ್ತು. ಗೊತ್ತಾಗ್ಲಿಲ್ಲ ಅಂದ್ರೆ ಯಾರನ್ನಾದ್ರೂ ಕೇಳಬೇಕಿತ್ತು ತಾನೇ?” ಎಂದ.

“ಗೊತ್ತಾಯ್ತು ಅಂದ್ಕೊಂಡೆ ಸಾರ್, ಅದೇ ಆಗಿದ್ದು” ಎಂದಳು ಅತ್ತಿಗೆ. “ಇಂಗ್ಲಿಷ್ ಇದ್ದಾಗ ಪ್ರತಿ ಸಲ ಲ್ಯಾಬಿಗೆ ಹೋಗಿ ಕೇಳ್ತಿದ್ದೆ. ನಮ್ಮ ಭಾಷೆ ಬಂತಲ್ಲ, ಇನ್ನೇನು ಕೇಳೋದು ಅಂದ್ಕೊಂಡೆ.”

ನಾದಿನಿ ಒಂದು ಹೆಜ್ಜೆ ಮುಂದೆ ಬಂದಳು. “ಅದು… ಸಾರ್, ಆ ಪದ ಹಾಕಿದ್ದು ನಾನು. ನಾನು ಹೋಗಲಿ ಅಂತ ಬರೆದೆ. ಅವರು ಇರಲಿ ಅಂತ ಓದಿದ್ರು. ಇಬ್ಬರದ್ದೂ ಸರಿ.”

“ಇಬ್ಬರದ್ದೂ ಸರಿ ಆಗಿದ್ರೆ ಲಾರಿ ಹೇಗೆ ಹೋಯ್ತಮ್ಮಾ?”

ಅವನು ಇವರನ್ನು ಬೈಯಲು ಕೇಳಿದ್ದಲ್ಲ, ತಿಳಿಯದೆ ಕೇಳಿದ್ದ. ಕೊನೆಗೆ, “ಸ್ವಲ್ಪ ಹೊರಗೆ ಕೂತಿರಿ, ಕರೀತೀನಿ” ಎಂದ.

೭

ಹೊರಗೆ ಬೆಂಚಿತ್ತು. ನಾನು ಇಬ್ಬರನ್ನೂ ಅದರ ಮೇಲೆ ಕೂರಿಸಿ, ಒಳಗಿನ ತೀರ್ಪು ಬರುವವರೆಗೆ ಕಾಯೋಣ ಎಂದುಕೊಂಡೆ. ಯಾರ ಕೆಲಸ ಹೋಯಿತು, ಯಾರದ್ದು ಉಳಿಯಿತು ಎಂದು ಹೇಳಿಬಿಟ್ಟರೆ ನಿಮಗೂ ಒಂದು ನೆಮ್ಮದಿ, ನನಗೂ.

ಅತ್ತಿಗೆ ಕೂರಲೇ ಇಲ್ಲ.

“ಹೊರಗೆ ಕೂತಿರಿ ಅಂದ್ರಲ್ಲ ಅತ್ತಿಗೆ…”

“ನಾವು ಕೂತ್ರೆ ಪೊಟ್ಟಣ ನಡ್ಕೊಂಡು ಬರುತ್ತಾ?”

ಅವಳು ನೆಟ್ಟಗೆ ಉಗ್ರಾಣಕ್ಕೆ ಹೋದಳು. ಸಗಟು ವ್ಯಾಪಾರಿಯಿಂದ ಅಂಗಡಿಗಳ ನಂಬರು ತರಿಸಿಕೊಂಡಿದ್ದಳು. ಒಂದೊಂದಕ್ಕೇ ಫೋನು ಹಚ್ಚತೊಡಗಿದಳು.

“ನಮಸ್ಕಾರ ಅಣ್ಣ, ಬಿಸ್ಕತ್ತು ಕಂಪನಿಯಿಂದ. ಹಾಲು ಸೇರದ್ದು ಅಂತ ಹಸಿರು ಪೊಟ್ಟಣ ಬಂದಿತ್ತಲ್ಲ, ಅದ್ರಲ್ಲಿ ಹಾಲು ಸೇರಿದೆ. ಹ್ಞೂಂ, ಸೇರಿದೆ. ಯಾರಿಗೂ ಕೊಡಬೇಡಿ, ಬೇರೆ ಕಡೆ ಎತ್ತಿಡಿ, ನಾವೇ ಬಂದು ತಗೊಂಡು ಹೋಗ್ತೀವಿ… ಒಂದು ಕಮ್ಮಿ ಇದ್ಯಾ? ಯಾರು ತಗೊಂಡ್ರು? ಮುಖ ನೆನಪಿದ್ಯಾ? ಜೊತೇಲಿ ಮಕ್ಕಳು ಇದ್ರಾ?”

ನಾದಿನಿ ಸ್ವಲ್ಪ ಹೊತ್ತು ಕೇಳುತ್ತ ನಿಂತಳು. ಹೇಳಿದ ಮಾತು ಅತ್ತ ಕಡೆಯ ಮನುಷ್ಯನಿಗೆ ಮುಟ್ಟಿತೇ ಎಂದು ಅತ್ತಿಗೆ ಪ್ರತಿಯೊಬ್ಬರ ಬಾಯಿಂದಲೂ ಮತ್ತೊಮ್ಮೆ ಹೇಳಿಸುತ್ತಿದ್ದಳು. ನಾದಿನಿ ಎದುರಿನ ಕುರ್ಚಿ ಎಳೆದುಕೊಂಡು ತನ್ನ ಫೋನು ತೆಗೆದಳು. ಒಳಗಿನಿಂದ ಯಾರೋ ಅವರಿಬ್ಬರನ್ನೂ ಕರೆದರು. ಇಬ್ಬರಿಗೂ ಕೇಳಿಸಿತು. ಇಬ್ಬರೂ ಏಳಲಿಲ್ಲ.

ಈ ಸಾಫ್ಟ್‌ವೇರಿನಲ್ಲಿ ಇನ್ನೊಂದು ನಿಯಮವಿದೆ ಎಂದು ನನಗೆ ಈಗಷ್ಟೇ ತಿಳಿಯಿತು. ವಾಪಸು ಕರೆಸಿದ ಲಾಟಿನ ಒಂದೇ ಒಂದು ಪೊಟ್ಟಣದ ಗತಿ ತಿಳಿಯದಿದ್ದರೂ ಆ ಲಾಟನ್ನು ಮುಚ್ಚಲು ಅದು ಒಪ್ಪುವುದಿಲ್ಲ. ನಾನೂ ಇದನ್ನು ಮುಚ್ಚಲಾರೆ. ತೀರ್ಪು ಏನೆಂದು ಕೇಳಬೇಡಿ. ಅದನ್ನು ಕೇಳಲು ಅವರೇ ಹೋಗಿಲ್ಲ.

ಕಮ್ಮಿ ಬಿದ್ದ ಆ ಪೊಟ್ಟಣ ಯಾವ ಮನೆಯಲ್ಲಿದೆಯೋ ನಾನರಿಯೆ. ನಿಮ್ಮ ಮನೆಯೂ ಒಂದು ಮನೆಯೇ. ಓದುತ್ತಿರುವಾಗ ಫೋನು ಬಂದರೆ, ಅತ್ತ ಕಡೆ ಗುರುತಿಲ್ಲದ ಹೆಂಗಸಿನ ದನಿ ಕೇಳಿದರೆ, ದಯವಿಟ್ಟು ಈ ಸಾಲು ಮುಗಿಯುವವರೆಗೆ ಕಾಯಬೇಡಿ