ಘಾಟಿ ದಾಟದ ಹಸುಗಳು

"ನಿನ್ನ ಹೋರಿಗೆ ಅಪ್ಪ ಯಾರು ಅಂತ ಅದರ ತಾಯಿಗೂ ಗೊತ್ತಿರಲಿಕ್ಕಿಲ್ಲ ಕಣೋ ಕೊಲಾಸ್. ಕಟುಕನಿಗೆ ಕೊಟ್ಟುಬಿಡು. ಮಾಂಸ ತಿನ್ನೋರು ಕುಲ ಕೇಳಲ್ಲ."

ಡೆಲ್ಫಿನ್ ಇದನ್ನು ಹೇಳಿದ್ದು ಊರ ದೊಡ್ಡಿಯ ಮುಂದೆ, ಹದಿನೇಳೂ ಮನೆಯವರು ಸೇರಿದ್ದಾಗ. ಎಲ್ಲರೂ ನಕ್ಕರು. ನಗದೆ ಉಳಿದವರು ನಾನು ಮತ್ತು ತಳಿ ಸಂಘದ ಪಶುವೈದ್ಯೆ ಒಲಾಯಾ. ಅವಳ ಕೈಯಲ್ಲಿ ಪ್ರಯೋಗಾಲಯದಿಂದ ಬಂದ ಕಾಗದಗಳಿದ್ದವು.

ಮೇ ಕೊನೆಗೆ ನಮ್ಮ ಕಾಸೊ ಕಣಿವೆಯ ಹಸುಗಳು ಬೆಟ್ಟದ ಹುಲ್ಲುಗಾವಲಿಗೆ ಹತ್ತುತ್ತವೆ. ಅಷ್ಟೂ ಹಸುಗಳ ಜೊತೆಗೆ ಒಂದೇ ಹೋರಿ. ಯಾವುದೆಂದು ಊರೇ ಆರಿಸುತ್ತದೆ. ಈ ಸಲ ಡೆಲ್ಫಿನ್ ಹೋರಿ, ಇಲ್ಲವೇ ನನ್ನ ಕಾರ್ಬಾಯೊ. ಕಾರ್ಬಾಯೊನನ್ನು ಆರಿಸದಿದ್ದರೆ ಸೋಮವಾರ ಕಟುಕನ ಗಾಡಿ ಬರುತ್ತದೆ. ಹನ್ನೊಂದು ಹಸು ಇಟ್ಟುಕೊಂಡವನು ಸುಮ್ಮನೆ ನಿಲ್ಲುವ ಹೋರಿಗೆ ಚಳಿಗಾಲವಿಡೀ ಹುಲ್ಲು ಹಾಕಲಾರ.

ಕಾರ್ಬಾಯೊನಿಗೆ ವಂಶದ ಚೀಟಿ ಇಲ್ಲ. ನನ್ನ ತಾತ ಹೊರಗಿನ ಹೋರಿ ತಂದವನಲ್ಲ, ಮನೆಯ ಹೋರಿಗಳ ಹೆಸರು ಬರೆದಿಟ್ಟವನೂ ಅಲ್ಲ. ಡೆಲ್ಫಿನ್ ಮನೆಯದು ಬೇರೆ ಕಥೆ. ಅವನ ಅಪ್ಪ ಬೆದೆಗೆ ಬಂದ ಹಸುಗಳನ್ನು ಹೊಡೆದುಕೊಂಡು, ಹಿಮದಲ್ಲಿ ಘಾಟಿ ದಾಟಿ, ಆಚೆಯ ಪೋಂಗಾ ಕಣಿವೆಯ ಹೋರಿಗೆ ಕೂಡಿಸಿ, ಎರಡು ದಿನಕ್ಕೆ ಮರಳುತ್ತಿದ್ದನಂತೆ. ಹಿಮಕ್ಕೆ ಅವನ ಕಾಲ್ಬೆರಳು ಹೋದದ್ದನ್ನು ಸೇಬಿನ ಹೆಂಡ ಮಾರುವ ಸೈಡರ್ ಅಂಗಡಿಯಲ್ಲಿ ಕೇಳದವರಿಲ್ಲ. ಆ ಕಥೆ ನಂಬಿಯೇ ಊರವರು ಅವರ ಮನೆಯ ಕರುಗಳನ್ನು ಹೊಸ ರಕ್ತವೆಂದು ಕೊಂಡು ಸಾಕಿದ್ದು.

ಚಳಿಗಾಲದಲ್ಲಿ ಒಲಾಯಾ ಪ್ರತಿ ಹಟ್ಟಿಗೂ ಬಂದು, ದನಗಳ ಬಾಲದ ಕೂದಲನ್ನು ಬುಡಸಮೇತ ಕಿತ್ತು ಲಕೋಟೆಗೆ ಹಾಕಿಕೊಂಡು ಹೋಗಿದ್ದಳು. ಈಗ ಒಂದು ಹಾಳೆಯನ್ನು ದೊಡ್ಡಿಯ ಬಾಗಿಲಿಗೆ ಅಂಟಿಸಿದಳು. ಒಂದೊಂದು ದನಕ್ಕೆ ಒಂದೊಂದು ಬಣ್ಣದ ಗೆರೆ. ಕಾಸೊ ರಕ್ತಕ್ಕೆ ಹಳದಿ, ಪೋಂಗಾದ್ದಕ್ಕೆ ನೀಲಿ. ನಾನು ಹದಿನಾಲ್ಕಕ್ಕೇ ಶಾಲೆ ಬಿಟ್ಟವನು. ಅದನ್ನು ಓದಲು ಶಾಲೆ ಬೇಕಿರಲಿಲ್ಲ.

ಕಾರ್ಬಾಯೊ ಪೂರ್ತಿ ಹಳದಿ. ಡೆಲ್ಫಿನ್ ಹೋರಿಯೂ ಪೂರ್ತಿ ಹಳದಿ. ನೀಲಿ ಇದ್ದದ್ದು ಹಾಳೆಯ ಕೆಳಗೆ, ಹೋಲಿಸಲೆಂದು ಸೇರಿಸಿದ್ದ ಪೋಂಗಾದ ದನಗಳಲ್ಲಿ ಮಾತ್ರ.

"ಎಲ್ಲೋ ತಪ್ಪಾಗಿದೆ," ಅಂದ ಡೆಲ್ಫಿನ್. "ನಮ್ಮಪ್ಪ ಹಿಮದಲ್ಲಿ ನಡೆದಿದಾನೆ."

"ಅವರು ನಡೆದಿರಬಹುದು ಡೆಲ್ಫಿನಣ್ಣ," ಅಂದಳು ಒಲಾಯಾ. "ಹಸುಗಳಂತೂ ನಡೆದಿಲ್ಲ. ನಿಮ್ಮ ಹೋರಿ, ಕೊಲಾಸ್ ಹೋರಿ, ರಕ್ತ ಹೋಲಿಸಿ ನೋಡಿದ್ರೆ ಎರಡಕ್ಕೂ ಮೂಲ ಕೊಲಾಸ್ ತಾತನ ಹಟ್ಟಿ."

ಡೆಲ್ಫಿನ್‌ನ ಸೋದರತ್ತೆ ತೆಲ್ವಿನಾ, ತೊಂಬತ್ತರ ಮುದುಕಿ, ಕೋಲಿನ ಮೇಲೆ ಗಲ್ಲ ಊರಿ ಕೂತಿದ್ದವಳು, ಬಾಯಿ ಹಾಕಿದಳು. "ಬಿಡಪ್ಪ, ನಂಗೂ ಸುಳ್ಳು ಹೊತ್ತು ಸಾಕಾಗಿದೆ. ಎಲ್ಲರೂ ಚರ್ಚಿಗೆ ಹೋದಾಗ ನಿಮ್ಮಪ್ಪ ಈ ಕೊಲಾಸ್ ತಾತನ ಗೇಟು ತೆಗೆದು ಅವರ ಹೋರಿ ಹತ್ರ ಹಸು ಬಿಡ್ತಿದ್ದ. ಆಮೇಲೆ ಎರಡು ದಿನ ಹಸುಗಳ ಸಮೇತ ನನ್ನ ಕೊಟ್ಟಿಗೇಲಿ ಅಡಗಿರ್ತಿದ್ದ. ಕಾಲ್ಬೆರಳು ಹೋಗಿದ್ದು ಸೌದೆ ಒಡೆಯುವಾಗ."

ಯಾರೂ ನಗಲಿಲ್ಲ. ನಾನು ಗೆದ್ದೆ ಎಂದುಕೊಂಡೆ. "ಹಾಗಾದ್ರೆ ಕಾರ್ಬಾಯೊನೇ ಹತ್ತಲಿ," ಅಂದೆ.

"ಆಗಲ್ಲ ಕೊಲಾಸ್," ಅಂದಳು ಒಲಾಯಾ. "ಊರಿನ ಎಂಬತ್ತಾರು ಹಸುಗಳಲ್ಲಿ ಎಪ್ಪತ್ತು ಇವನಿಗೆ ಅಕ್ಕನೋ ತಂಗಿಯೋ ಚಿಕ್ಕಮ್ಮನೋ ಆಗ್ಬೇಕು. ಕರುಗಳು ಸೊರಗಿ ಹುಟ್ತವೆ. ಡೆಲ್ಫಿನಣ್ಣನ ಹೋರೀನೂ ಬೇಡ. ಪೋಂಗಾದವರಿಗೂ ಇದೇ ಗೋಳು. ಕಾರ್ಬಾಯೊನನ್ನ ಅವರಿಗೆ ಕೊಟ್ಟರೆ ಅವರದೊಂದು ಹೋರಿ ನಮಗೆ ಕೊಡ್ತಾರೆ. ಮಾತಾಡಿದೀನಿ. ಹೋರಿ ಸಾಗಿಸೋಕೆ ರಹದಾರಿ ಬರೆಸಿ ತಂದಿದೀನಿ."

ನಮ್ಮ ಬೇಲಿಯೊಳಗಿಂದ ಕದ್ದ ರಕ್ತ ಊರೆಲ್ಲ ತುಂಬಿ, ನನ್ನ ಹೋರಿಗೇ ಊರಲ್ಲಿ ಜಾಗವಿಲ್ಲದಂತೆ ಮಾಡಿತ್ತು. ಕಾರ್ಬಾಯೊ ಬದುಕುತ್ತಾನೆ, ಆದರೆ ನನ್ನ ಹತ್ತಿರ ಅಲ್ಲ.

ಅಷ್ಟರಲ್ಲಿ ಡೆಲ್ಫಿನ್ ಚೇತರಿಸಿಕೊಂಡಿದ್ದ. "ಅಂತೂ ದಾಯಾದಿಗಳಾದ್ವಲ್ಲೋ," ಎಂದು ನನ್ನ ಭುಜದ ಮೇಲೆ ಕೈ ಹಾಕಿದ. "ನನ್ನ ಟ್ರೇಲರ್‌ಗೆ ಹತ್ತಿಸು, ನಾಳೆ ಬಿಟ್ಟು ಬರ್ತೀನಿ. ಹೋರಿ ಹೊಡ್ಕೊಂಡು ಘಾಟಿ ದಾಟೋದು ಈಗಿನ ಹುಡುಗರ ಕೈಲಿ ಆಗೋ ಕೆಲಸ ಅಲ್ಲ."

ಅವನ ಕೈ ಸರಿಸಿದೆ. ಒಲಾಯಾಳಿಂದ ರಹದಾರಿಯನ್ನು ತೆಗೆದುಕೊಂಡು, ಮಡಿಸಿ ಜೇಬಿಗೆ ಹಾಕಿಕೊಂಡೆ. ಕಾರ್ಬಾಯೊನ ಹಗ್ಗ ಬಿಚ್ಚಿ, ಘಾಟಿಯ ದಾರಿ ಹಿಡಿದೆ.